ಸದ್ದು ನಿಂತ ಮೇಲೆ ಬಂದ ಸದ್ದು

ಬಗ್ ರಿಪೋರ್ಟ್ ಮೂರೇ ಸಾಲಿನದು. ‘ಕೀಬೋರ್ಡ್ ನುಡಿಸುವಾಗ ಎಲ್ಲ ಚೆನ್ನಾಗಿದೆ. ನಿಲ್ಲಿಸಿ ಅರ್ಧ ನಿಮಿಷ ಆದರೆ ಮೈಕಿನಿಂದ ಬರುವ ಹಾಡು ಪಟಪಟ ಅಂತ ಒಡೆಯುತ್ತದೆ. ಮತ್ತೆ ಕೀಬೋರ್ಡ್ ಮುಟ್ಟಿದರೆ ತಾನಾಗಿ ಸರಿಹೋಗುತ್ತದೆ.’

ಓದಿ ನಕ್ಕುಬಿಟ್ಟೆ. ದುಡಿಯುವಾಗ ಸುಸ್ತಾಗದೆ, ಸುಮ್ನೆ ಕೂತಾಗ ಸುಸ್ತಾಗುವ ತಂತ್ರಾಂಶ ಎಲ್ಲಾದರೂ ಉಂಟಾ? ದೂರು ಬಂದಿದ್ದು ಒಂದು ಪುಟ್ಟ ರಿವರ್ಬ್ ಪ್ಲಗಿನ್ ಮೇಲೆ, ಅಂದರೆ ಸಂಗೀತದ ಪ್ರೋಗ್ರಾಮಿನೊಳಗೆ ಸಿಕ್ಕಿಸಿಕೊಳ್ಳುವ ಒಂದು ತುಣುಕಿನ ಮೇಲೆ. ಸದ್ದಿಗೆ ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗೆ ಅನುರಣನ ಸೇರಿಸುವುದು ಅದರ ಕೆಲಸ. ಬರೆದವರು ಬೇರೆಯವರು. ಅದನ್ನು ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ ಮಾಡಿ ಕೊಡುತ್ತಿರುವುದು ನಾನು. ಪ್ಲಗಿನ್ನಿನ ಹೆಸರು ಹೇಳುವುದಿಲ್ಲ. ತಪ್ಪು ಯಾರದು ಅನ್ನುವುದು ಮುಂದೆ ಗೊತ್ತಾಗುತ್ತದೆ, ಆಗ ಹೆಸರು ಯಾಕೆ ಬೇಡ ಅಂತಲೂ ತಿಳಿಯುತ್ತದೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಗಿಟಾರನ್ನು ಸೌಂಡ್ ಕಾರ್ಡಿಗೆ ಸಿಕ್ಕಿಸಿ, ರಿವರ್ಬ್ ಹಾಕಿ, ಒಂದು ತಂತಿ ಮೀಟಿ ಸುಮ್ಮನಾದೆ. ಒಂದು ನಿಮಿಷ ಕಾದೆ. ಏನೂ ಆಗಲಿಲ್ಲ. ಇನ್ನೊಂದು ನಿಮಿಷ. ಆಗಲೂ ಏನಿಲ್ಲ. ‘ನನ್ನಲ್ಲಿ ಸರಿಯಾಗಿದೆ, ಇನ್ನಷ್ಟು ವಿವರ ಕೊಡಿ’ ಅಂತ ಉತ್ತರ ಬರೆದೆ. ಈ ವಾಕ್ಯ ಬರೆಯುವಾಗಲೆಲ್ಲ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಆ ಬಗ್ ಕೈಗೆ ಸಿಗಲು ಮೂರು ವಾರ ಹಿಡಿಯಿತು. ಅದರ ಕಥೆಗೆ ಆಮೇಲೆ ಬರುತ್ತೇನೆ. ಈ ಪ್ಯಾಕೇಜ್ ಮಾಡುವ ಕೆಲಸ ಅಂದರೇನು ಅಂತ ಒಂದಿಷ್ಟು ಹೇಳದೆ ಹೋದರೆ ಆ ಕಥೆಯಲ್ಲಿ ಸ್ವಾರಸ್ಯ ಇರುವುದಿಲ್ಲ.

ಮುಕ್ತ ತಂತ್ರಾಂಶ ಬರೆಯುವವರನ್ನು ನಾವು ಅಪ್‌ಸ್ಟ್ರೀಮ್ ಅನ್ನುತ್ತೇವೆ, ಹೊಳೆಯ ಮೇಲ್ಗಡೆ ಇರುವವರು ಅಂತ. ಅವರು ಸೋರ್ಸ್ ಕೋಡನ್ನು ಒಂದು ಟಾರ್ ಫೈಲಿನಲ್ಲಿ ಕಟ್ಟಿ ಹೊರಗೆ ಬಿಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಬಳಸುವವರು ಇರುವುದು ಹೊಳೆಯ ಕೆಳಗಡೆ. ಅವರಿಗೆ ಬೇಕಿರುವುದು ಒಂದು ಕ್ಲಿಕ್, ಅಥವಾ ಟರ್ಮಿನಲ್‌ನಲ್ಲಿ ಒಂದು ಸಾಲು. ನಡುವೆ ನಿಂತು ಬೇಲಿ ಹಾರಿಸುವವರು ನಾವು. ಕೋಡ್ ಯಾವ ಲೈಬ್ರರಿಗಳನ್ನು ಕೇಳುತ್ತದೆ, ಯಾವ ಫೈಲ್ ಎಲ್ಲಿ ಕೂರಬೇಕು, ಯಾವ ಲೈಸೆನ್ಸ್, ಹೇಗೆ ಬಿಲ್ಡ್ ಆಗುತ್ತದೆ, ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಬರೆದಿಡುತ್ತೇವೆ. ಡೆಬಿಯನ್‌ನಲ್ಲಿ ಆ ಫೋಲ್ಡರಿನ ಹೆಸರೂ ಡೆಬಿಯನ್ನೇ. ಅದರೊಳಗೆ ಕಂಟ್ರೋಲ್, ರೂಲ್ಸ್, ಕಾಪಿರೈಟ್, ಚೇಂಜ್‌ಲಾಗ್ ಅನ್ನುವ ಫೈಲುಗಳು. ಮೂಲ ಕೋಡಿಗೆ ನಾವು ಮಾಡುವ ತಿದ್ದುಪಡಿಗಳೆಲ್ಲ ಪ್ಯಾಚಸ್ ಅನ್ನುವ ಒಳಫೋಲ್ಡರಿಗೆ. ಮೂಲವನ್ನು ನೇರವಾಗಿ ಮುಟ್ಟುವ ಹಾಗಿಲ್ಲ.

ಚೇಂಜ್‌ಲಾಗ್ ಫೈಲಿನ ಕೊನೆ ಸಾಲಿನಲ್ಲಿ ಹೆಸರು, ಇಮೇಲ್, ದಿನಾಂಕ ಬರೆಯಬೇಕು. ಇಮೇಲ್‌ಗೂ ದಿನಾಂಕಕ್ಕೂ ನಡುವೆ ಸರಿಯಾಗಿ ಎರಡು ಸ್ಪೇಸ್ ಇರಬೇಕು. ಒಂದೇ ಇಟ್ಟರೆ ತಕರಾರು. ಮೊದಲ ವರ್ಷ ಈ ಎರಡನೇ ಸ್ಪೇಸ್ ನನ್ನನ್ನು ಎಷ್ಟು ಸಲ ಅಳಿಸಿದೆ ಅಂತ ಲೆಕ್ಕವಿಲ್ಲ. ಈಗ ಅದನ್ನು ಬರೆಯಲು ಒಂದು ಕಮ್ಯಾಂಡ್ ಬಳಸುತ್ತೇನೆ. ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ಯಾವ ತಂತ್ರಾಂಶಕ್ಕಾದರೂ ಹೊಂದುತ್ತದೆ. ಆಡಿಯೋ ತಂತ್ರಾಂಶದ ರಗಳೆ ಬೇರೆ, ಯಾಕೆಂದರೆ ಅದಕ್ಕೆ ಗಡಿಯಾರದ ಭಯ ಇದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 48000 ಸ್ಯಾಂಪಲ್, ಅಂದರೆ ಸದ್ದಿನ 48000 ಅಳತೆಗಳು. ಅವನ್ನು 64, 64ರ ಕಂತುಗಳಾಗಿ ಸೌಂಡ್ ಕಾರ್ಡಿಗೆ ಕೊಡುತ್ತೀರಿ ಅಂದರೆ ಒಂದು ಕಂತಿಗೆ ಸಿಗುವ ಸಮಯ 1.33 ಮಿಲಿಸೆಕೆಂಡು. ಅಷ್ಟರಲ್ಲಿ ರಿವರ್ಬ್, ಈಕ್ವಲೈಸರ್, ಸ್ವರ ಹುಟ್ಟಿಸುವ ಸಿಂಥ್ ಎಲ್ಲ ತಂತಮ್ಮ ಲೆಕ್ಕ ಮುಗಿಸಿ ಮುಂದಿನವರಿಗೆ ದಾಟಿಸಬೇಕು. ತಡವಾದರೆ ಕಾರ್ಡ್ ಕಾಯುವುದಿಲ್ಲ. ಅದರ ಕೈಗೆ ಏನೂ ಬರಲಿಲ್ಲ ಅಂದರೆ ಏನೂ ಇಲ್ಲದ್ದನ್ನೇ ನುಡಿಸುತ್ತದೆ. ನಮಗೆ ಕೇಳಿಸುವುದು ‘ಪಟ್’. ಇದಕ್ಕೆ ಎಕ್ಸ್‌ರನ್ ಅಂತ ಹೆಸರು. ವೆಬ್ ಪುಟ ಅರ್ಧ ಸೆಕೆಂಡು ತಡವಾಗಿ ತೆರೆದರೆ ಯಾರೂ ಬೈಯುವುದಿಲ್ಲ. ಇಲ್ಲಿ ಎರಡು ಮಿಲಿಸೆಕೆಂಡು ತಡವಾದರೆ ರೆಕಾರ್ಡಿಂಗ್ ಹಾಳು.

ಕಂತನ್ನು 1024ಕ್ಕೆ ಏರಿಸಿದರೆ 21 ಮಿಲಿಸೆಕೆಂಡು ಸಿಗುತ್ತದೆ. ಆದರೆ ಆಗ ಕೀಲಿ ಒತ್ತಿದ ಬೆರಳಿಗೂ ಕೇಳುವ ಕಿವಿಗೂ ನಡುವೆ ಸಂದು ಬೀಳುತ್ತದೆ. ನುಡಿಸುವವರಿಗೆ ಅದು ಸಹ್ಯವಾಗುವುದಿಲ್ಲ.

ಹಾಗಾಗಿ ಆಡಿಯೋ ಪ್ರೋಗ್ರಾಮು ಲಿನಕ್ಸ್‌ನ ತಿರುಳಾದ ಕರ್ನಲ್ ಹತ್ತಿರ ಹೋಗಿ, ‘ನನ್ನನ್ನು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸು, ನನ್ನ ಮೆಮೊರಿಯನ್ನು ಡಿಸ್ಕಿಗೆ ತಳ್ಳಬೇಡ’ ಅಂತ ಕೇಳಿಕೊಳ್ಳುತ್ತದೆ. ಎಲ್ಲರಿಗೂ ಇದನ್ನು ಕೊಡಲಾಗುವುದಿಲ್ಲ. ಮುಂದೆ ನಿಂತವನು ಜಾಗ ಬಿಡದಿದ್ದರೆ ಇಡೀ ಕಂಪ್ಯೂಟರ್ ಕಲ್ಲಾಗುತ್ತದೆ. ಡೆಬಿಯನ್‌ನಲ್ಲಿ ಜಾಕ್ (ಪ್ರೋಗ್ರಾಮುಗಳಿಗೂ ಸೌಂಡ್ ಕಾರ್ಡಿಗೂ ನಡುವೆ ಸದ್ದು ಸಾಗಿಸುವ ಸೌಂಡ್ ಸರ್ವರ್) ಹಾಕುವಾಗ ಒಂದು ನೀಲಿ ಪರದೆ ಬಂದು ರಿಯಲ್‌ಟೈಮ್ ಆದ್ಯತೆ ಬೇಕೋ ಬೇಡವೋ ಅಂತ ಕೇಳುತ್ತದಲ್ಲ, ಅದು ಇದಕ್ಕೇ. ಹೌದು ಅಂದರೆ ಆಡಿಯೋ ಗುಂಪಿನಲ್ಲಿ ಇರುವವರಿಗೆ 95ರವರೆಗೆ ಆದ್ಯತೆ ಮತ್ತು ಮಿತಿಯಿಲ್ಲದ ಮೆಮೊರಿ ಬೀಗ ಕೊಡುವ ಒಂದು ಪುಟ್ಟ ಫೈಲ್ ಹುಟ್ಟುತ್ತದೆ. ಇಷ್ಟೆಲ್ಲ ವಿಷಯವನ್ನು ಒಂದು ಪ್ಯಾರಾದಲ್ಲಿ ಹೇಳಿ, ಗಿಟಾರ್ ಹಿಡಿದು ಕೂತವರ ಹತ್ತಿರ ಹೌದು ಇಲ್ಲ ಅನ್ನಿಸಬೇಕು. ಆ ಪ್ಯಾರಾ ಬರೆದವರ ಮೇಲೆ ನನಗೆ ಗೌರವ ಇದೆ. ಈಗ ಪರಿಸ್ಥಿತಿ ಸುಧಾರಿಸಿದೆ. ಎಷ್ಟೋ ವರ್ಷ ಹೊರಗೇ ಉಳಿದಿದ್ದ ರಿಯಲ್‌ಟೈಮ್ ಪ್ಯಾಚುಗಳು 2024ರಲ್ಲಿ 6.12ನೇ ಕರ್ನಲ್‌ಗೆ ಸೇರಿದವು.

ಸೌಂಡ್ ಸರ್ವರುಗಳ ಕಥೆಯನ್ನು ಉದ್ದ ಎಳೆಯುವುದಿಲ್ಲ. ಕಾರ್ಡಿನ ಜೊತೆ ಮಾತಾಡಲು ಅಲ್ಸಾ ಇತ್ತು. ಡೆಸ್ಕ್‌ಟಾಪ್ ಸದ್ದಿಗೆ ಪಲ್ಸ್‌ಆಡಿಯೋ ಬಂತು. ಸಂಗೀತಗಾರರಿಗೆ ಪಾಲ್ ಡೇವಿಸ್ ಬರೆದ ಜಾಕ್ ಇತ್ತು. ಒಂದೇ ಕಾರ್ಡಿಗೆ ಇಬ್ಬರು ಯಜಮಾನರು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಅನ್ನುತ್ತಾರಲ್ಲ, ಹಾಗೆ. ಈಗ ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್ ಇಬ್ಬರ ವೇಷವನ್ನೂ ತಾನೇ ಹಾಕುತ್ತದೆ. 2021ರಲ್ಲಿ ಫೆಡೋರಾ 34 ಅದನ್ನು ಮುಖ್ಯ ಸರ್ವರ್ ಮಾಡಿಕೊಂಡಿತು, 2023ರ ಕೊನೆಗೆ 1.0 ಬಂತು. ಬಳಸುವವರಿಗೆ ಹಬ್ಬ. ನಮಗೆ ಬಂದಿದ್ದು ಒಂದು ಹೊಸ ತಲೆನೋವು: ಒಂದೇ ಹೆಸರಿನ ಜಾಕ್ ಲೈಬ್ರರಿ ಈಗ ಎರಡು ಕಡೆಯಿಂದ ಸಿಗುತ್ತದೆ, ಪ್ರೋಗ್ರಾಮು ಯಾವುದನ್ನು ಎತ್ತಿಕೊಂಡಿತು ಅನ್ನುವುದು ಬಗ್ ರಿಪೋರ್ಟಿನಲ್ಲಿ ಎಂದೂ ಇರುವುದಿಲ್ಲ.

ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ, ತುಂಬ ವಿಚಿತ್ರವೂ ಆದ ಭಾಗ ಬಿಲ್ಡ್ ಮಷೀನುಗಳದು. ನಾನು ಸೋರ್ಸ್ ಪ್ಯಾಕೇಜನ್ನು ಅಪ್‌ಲೋಡ್ ಮಾಡುತ್ತೇನೆ. ಅದನ್ನು ಬೇರೆ ಬೇರೆ ಬಗೆಯ ಪ್ರೊಸೆಸರುಗಳ ಮಷೀನುಗಳು ಎತ್ತಿಕೊಂಡು ಕಂಪೈಲ್ ಮಾಡುತ್ತವೆ. ಇಂಟೆಲ್ ಬಗೆಯದು, ಆರ್ಮ್, ಪವರ್‌ಪಿಸಿ, ರಿಸ್ಕ್-ಫೈವ್, ಕೊನೆಗೆ ಎಸ್390ಎಕ್ಸ್. ಈ ಕೊನೆಯದು ಐಬಿಎಂನ ಮೇನ್‌ಫ್ರೇಮ್. ಬ್ಯಾಂಕಿನ ಲೆಕ್ಕ ನೋಡಿಕೊಳ್ಳುವ ಗಾತ್ರದ ಯಂತ್ರ. ಅದಕ್ಕೆ ಸ್ಪೀಕರ್ ಇಲ್ಲ, ಹೆಡ್‌ಫೋನ್ ತೂತು ಇಲ್ಲ. ಅಲ್ಲಿ ಯಾರೂ ಗಿಟಾರ್ ನುಡಿಸುವುದಿಲ್ಲ. ಆದರೂ ಗಿಟಾರ್ ಆಂಪ್ಲಿಫಯರ್ ಪ್ಲಗಿನ್ ಅದಕ್ಕೂ ಬಿಲ್ಡ್ ಆಗುತ್ತದೆ, ಟೆಸ್ಟುಗಳು ಅಲ್ಲೂ ಓಡುತ್ತವೆ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಅಂದರೆ ಇದೇ ಅಲ್ವಾ?

ಆದರೆ ಈ ಕೋಣ ಕೆಲವು ಸಲ ಶ್ರುತಿ ತಪ್ಪಿದ್ದನ್ನು ಹೇಳಿಬಿಡುತ್ತದೆ. ಇಂಟೆಲ್, ಆರ್ಮ್ ಎಲ್ಲ ಒಂದು ಸಂಖ್ಯೆಯ ಚಿಕ್ಕ ಬೈಟನ್ನು ಮೊದಲು ಇಡುತ್ತವೆ. ಮೇನ್‌ಫ್ರೇಮ್ ದೊಡ್ಡದನ್ನು ಮೊದಲು ಇಡುತ್ತದೆ. ವೇವ್ ಫೈಲಿನಲ್ಲಿ ಚಿಕ್ಕದು ಮೊದಲು, ಎಐಎಫ್ಎಫ್ ಫೈಲಿನಲ್ಲಿ ದೊಡ್ಡದು ಮೊದಲು. ಯಾರಾದರೂ ವೇವ್ ಫೈಲಿನ ಬೈಟುಗಳನ್ನು ಯೋಚಿಸದೆ ಹಾಗೇ ಮೆಮೊರಿಗೆ ಸುರಿದುಕೊಂಡರೆ ಇಂಟೆಲ್‌ನಲ್ಲಿ ಹಾಡು ಬರುತ್ತದೆ, ಮೇನ್‌ಫ್ರೇಮಿನಲ್ಲಿ ಬರೀ ಬುಸುಗುಡುವ ಸದ್ದು ಬರುತ್ತದೆ. ಬರುತ್ತದೆ ಅಂತ ಸುಮ್ನೆ ಹೇಳಿದೆ, ಅಲ್ಲಿ ಕೇಳುವವರು ಯಾರು. ಟೆಸ್ಟ್ ಫೇಲ್ ಆಗುತ್ತದೆ, ಅಷ್ಟೇ.

ಒಂದು ಸಲ ಹೀಗಾಯಿತು. ರೆಕಾರ್ಡ್ ಮಾಡಿಟ್ಟ ಸದ್ದುಗಳನ್ನು ನುಡಿಸುವ ಒಂದು ಚಿಕ್ಕ ಸ್ಯಾಂಪ್ಲರಿನ ಹೊಸ ಆವೃತ್ತಿ ಹಾಕಿದೆ. ನನ್ನ ಮಷೀನಿನಲ್ಲಿ ಟೆಸ್ಟುಗಳೆಲ್ಲ ಪಾಸ್. ಮಾರನೇ ದಿನ ನೋಡಿದರೆ ಬಿಲ್ಡ್ ಪುಟದಲ್ಲಿ ಕೆಂಪು. ಮೊದಲು ತೆರೆದ ಲಾಗ್ ಮೇನ್‌ಫ್ರೇಮಿನದು. ‘ಓಹೋ, ಬೈಟುಗಳ ಕ್ರಮ’ ಅಂದುಕೊಂಡೆ. ಇಡೀ ಸಂಜೆ ಎಐಎಫ್ಎಫ್ ಓದುವ ಕೋಡನ್ನು ಸಾಲು ಸಾಲಾಗಿ ನೋಡಿದೆ. ಕ್ರಮ ಎಲ್ಲ ಸರಿಯಾಗೇ ಇತ್ತು. ಮಲಗುವ ಮೊದಲು ಉಳಿದ ಲಾಗುಗಳ ಮೇಲೆ ಕಣ್ಣಾಡಿಸಿದೆ. ಆರ್ಮ್ ಕೆಂಪು, ಪವರ್‌ಪಿಸಿ ಕೆಂಪು, ರಿಸ್ಕ್-ಫೈವ್ ಕೂಡ ಕೆಂಪು. ಹಸಿರು ಇದ್ದಿದ್ದು ಇಂಟೆಲ್ ಬಗೆಯವು ಎರಡೇ. ಆರ್ಮ್‌ನಲ್ಲಿ ಬೈಟುಗಳ ಕ್ರಮ ಇಂಟೆಲ್‌ನದೇ. ಅಂದರೆ ನನ್ನ ಸಂಜೆ ದಂಡ.

ತಪ್ಪು ಇದ್ದಿದ್ದು ‘ಚಾರ್’ ಅನ್ನುವ ಪದದಲ್ಲಿ. ಸಿ ಭಾಷೆಯಲ್ಲಿ ಚಾರ್ ಅಂದರೆ ಒಂದು ಬೈಟ್. ಅದು ಋಣ ಸಂಖ್ಯೆ ಹಿಡಿಯುತ್ತದೋ ಇಲ್ಲವೋ ಅನ್ನುವುದನ್ನು ಭಾಷೆ ಆಯಾ ಕಂಪೈಲರಿಗೇ ಬಿಟ್ಟಿದೆ. ಲಿನಕ್ಸ್‌ನಲ್ಲಿ ಇಂಟೆಲ್ ಮೇಲೆ ಹಿಡಿಯುತ್ತದೆ: ಮೈನಸ್ 128ರಿಂದ 127. ಆರ್ಮ್ ಮೇಲೆ ಹಿಡಿಯುವುದಿಲ್ಲ: 0ಯಿಂದ 255. 8 ಬಿಟ್ಟಿನ ಎಐಎಫ್ಎಫ್ ಸ್ಯಾಂಪಲ್‌ಗಳಲ್ಲಿ ಅಲೆಯ ಕೆಳಗಿನ ಅರ್ಧ ಋಣ ಸಂಖ್ಯೆಗಳು. ಆರ್ಮ್‌ನಲ್ಲಿ ಆ ಅರ್ಧ ಕಿತ್ತುಕೊಂಡು ಮೇಲೆ ಹೋಗಿ ಕೂತಿತ್ತು. ಪ್ಯಾಚಿನಲ್ಲಿ ನಾನು ಸೇರಿಸಿದ್ದು ‘ಸೈನ್ಡ್’ ಅನ್ನುವ ಒಂದೇ ಒಂದು ಪದ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆದರೆ ಆ ಇಲಿ ಅಲ್ಲೇ ಇದ್ದಿದ್ದರೆ, ಕೈಯಗಲದ ಆರ್ಮ್ ಬೋರ್ಡಿನ ಮೇಲೆ ಸಂಗೀತ ಮಾಡುವ ಅದೆಷ್ಟೋ ಜನರಿಗೆ ಆ ಸ್ಯಾಂಪ್ಲರ್ ಕರ್ಕಶವಾಗಿ ಕಿರುಚುತ್ತಿತ್ತು.

ಲೈಸೆನ್ಸ್ ವಿಷಯಕ್ಕೆ ಬಂದರೆ ಸಂಗೀತದ ತಂತ್ರಾಂಶದಷ್ಟು ತೊಡಕು ಬೇರೆಲ್ಲೂ ಕಾಣೆ. ಕೋಡಿಗೆ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಇರುತ್ತದೆ, ಸರಿ. ಜೊತೆಗೆ ಬರುವ ಸದ್ದುಗಳಿಗೆ? ಡೆಬಿಯನ್ 1997ರಲ್ಲಿ ಬರೆದುಕೊಂಡ ಮುಕ್ತ ತಂತ್ರಾಂಶದ ಮಾರ್ಗಸೂಚಿ ಪ್ರೋಗ್ರಾಮಿಗೂ ಸದ್ದಿಗೂ ಒಂದೇ. ಅದರ ಆರನೇ ಅಂಶದ ಪ್ರಕಾರ ‘ವ್ಯಾಪಾರಕ್ಕೆ ಬಳಸಬಾರದು’ ಅನ್ನುವ ಷರತ್ತು ಇದ್ದರೆ ಅದು ಡೆಬಿಯನ್ನಿನ ಮುಖ್ಯ ವಿಭಾಗಕ್ಕೆ ಬರುವ ಹಾಗಿಲ್ಲ. ಡ್ರಮ್ ಸದ್ದುಗಳನ್ನು ಪುಕ್ಕಟೆ ಹಂಚುವವರು ಬಹಳ ಜನ ಒಳ್ಳೆಯ ಮನಸ್ಸಿನಿಂದಲೇ ಈ ಷರತ್ತು ಹಾಕಿರುತ್ತಾರೆ. ಆಮೇಲೆ ಅದೇ ಸದ್ದು ಬಳಸಿ ಹಾಡು ಮಾರಿದವರ ಗತಿ ಏನು ಅಂತ ಯೋಚಿಸಿರುವುದಿಲ್ಲ.

ನಾನು ಪ್ಯಾಕೇಜ್ ಮಾಡಹೊರಟ ಒಂದು ಡ್ರಮ್ ಮಷೀನಿನಲ್ಲಿ ನಾಲ್ಕು ಕಿಟ್ ಇದ್ದವು. ಮೂರಕ್ಕೆ ಲೈಸೆನ್ಸ್ ಫೈಲ್ ಇತ್ತು. ನಾಲ್ಕನೆಯದರ ಫೋಲ್ಡರಿನಲ್ಲಿ ಒಂದು ಪುಟ್ಟ ಟೆಕ್ಸ್ಟ್ ಫೈಲ್: ‘ನೆಟ್‌ನಲ್ಲಿ ಸಿಕ್ಕಿದ್ದು, ಚೆನ್ನಾಗಿದೆ’. ನಿಜಕ್ಕೂ ಚೆನ್ನಾಗಿತ್ತು. ಅದರ ಸ್ನೇರ್ ಸದ್ದು ಉಳಿದ ಮೂರಕ್ಕಿಂತ ಎಷ್ಟೋ ಮೇಲು. ಅಪ್‌ಸ್ಟ್ರೀಮ್‌ಗೆ ಬರೆದೆ. ಹತ್ತು ವರ್ಷದ ಹಿಂದೆ ಎಲ್ಲಿಂದಲೋ ಇಳಿಸಿಕೊಂಡಿದ್ದು, ಆ ಪುಟ ಈಗಿಲ್ಲ ಅಂದರು. ಯಾರದೋ ಕೈ, ಯಾರದೋ ಡ್ರಮ್, ಯಾರದೋ ಮೈಕು. ಯಾರನ್ನು ಕೇಳುವುದು? ಕಿಟ್ ತೆಗೆದುಹಾಕಿ, ಟಾರ್ ಫೈಲನ್ನು ಮತ್ತೆ ಕಟ್ಟಿ, ಆವೃತ್ತಿಯ ಸಂಖ್ಯೆಗೆ ‘ಡಿಎಫ್‌ಎಸ್‌ಜಿ’ ಅನ್ನುವ ಬಾಲ ಅಂಟಿಸಿದೆ, ಅದು ಆ ಮಾರ್ಗಸೂಚಿಯದೇ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಪ್ಯಾಕೇಜ್ ಹೊರಬಿದ್ದ ವಾರದಲ್ಲೇ ಒಬ್ಬರು ಬರೆದರು: ‘ಒಳ್ಳೆ ಕಿಟ್ ಒಂದೇ ಇತ್ತು, ಅದನ್ನೇ ಕಿತ್ತು ಹಾಕಿದ್ದೀರಿ.’ ಅವರು ಹೇಳಿದ್ದು ಸರಿಯಾಗೇ ಇತ್ತು. ನಾನು ಮಾಡಿದ್ದೂ ಸರಿಯೇ. ಆ ಸ್ನೇರ್ ನನ್ನ ಕಿವಿಯಲ್ಲಿ ಇನ್ನೂ ಇದೆ.

ಸದ್ದು ಬಿಡಿ, ಕೋಡಿಗೂ ಈ ಪೀಡೆ ಇದೆ. ವಿಎಸ್‌ಟಿ 2 ಪ್ಲಗಿನ್‌ಗಳ ಹೆಡರ್ ಫೈಲುಗಳು (ಪ್ಲಗಿನ್ ಬರೆಯಲು ಬೇಕಾದ ಘೋಷಣೆಗಳು) ಸ್ಟೈನ್‌ಬರ್ಗ್ ಕಂಪನಿಯವು, ಹಂಚುವ ಹಾಗಿಲ್ಲ. 2018ರಲ್ಲಿ ಹೊಸಬರಿಗೆ ಲೈಸೆನ್ಸ್ ಕೊಡುವುದನ್ನೂ ನಿಲ್ಲಿಸಿದರು. ಒಂದು ಅಕ್ಷರ ನಕಲು ಮಾಡದೆ, ಹೊರಗಿನಿಂದ ನಡವಳಿಕೆ ನೋಡಿಯೇ ಬರೆದ ವೆಸ್ಟೀಜ್ ಅನ್ನುವ ಹೆಡರ್ ಮೇಲೆ ಎಷ್ಟೋ ಮುಕ್ತ ಪ್ಲಗಿನ್‌ಗಳು ಬದುಕಿವೆ. ಸದ್ದಿನ ಲೆಕ್ಕಕ್ಕೆಂದೇ ಇರುವ ಫೌಸ್ಟ್ ಭಾಷೆಯಲ್ಲಿ ಬರೆದ ಪ್ಲಗಿನ್‌ಗಳದು ಇನ್ನೊಂದು ಬಗೆ. ಫೌಸ್ಟ್ ಕಂಪೈಲರ್ ಹೊರಹಾಕಿದ ಸಿ++ ಫೈಲನ್ನಷ್ಟೇ ಕೊಟ್ಟು, ಮನುಷ್ಯ ಬರೆದ ಮೂಲ ಫೈಲ್ ಕೊಡದಿದ್ದರೆ ಅದು ಸೋರ್ಸ್ ಹೇಗಾದೀತು? ಕೇಳಬೇಕಾದ ಪ್ರಶ್ನೆಯೇ. ಕೇಳಿದರೆ ಅಪ್‌ಸ್ಟ್ರೀಮ್‌ಗೆ ಸಿಟ್ಟು. ಇನ್ನು ವಾಫ್ ಅನ್ನುವ ಬಿಲ್ಡ್ ಸಾಧನ. ಊರಿಗೆಲ್ಲ ಒಂದು ದಾರಿಯಾದರೆ ಇದಕ್ಕೇ ಒಂದು ದಾರಿ. ಪೈಥಾನ್ ಫೈಲಿನ ಹೊಟ್ಟೆಯಲ್ಲಿ ಗಂಟು ಕಟ್ಟಿದ ಬೈನರಿ ಇಟ್ಟುಕೊಂಡು ಬರುತ್ತದೆ. ಆ ಗಂಟು ಬಿಚ್ಚಿ ಹರಡದೆ ನಾವು ಒಳಗೆ ಬಿಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಲೈಬ್ರರಿಯ ಟಾರ್ ಫೈಲಿನೊಳಗೆ ಹಿಂಬಾಗಿಲು ಸಿಕ್ಕಿತಲ್ಲ, ಆಮೇಲೆ ಈ ಹಟ ಅತಿಯಾಯಿತು ಅಂತ ಯಾರೂ ನನಗೆ ಹೇಳಿಲ್ಲ.

ಈಗ ರಿವರ್ಬ್‌ಗೆ ಮರಳುತ್ತೇನೆ.

ದೂರು ಕೊಟ್ಟವರು ತಾಳ್ಮೆಯ ಮನುಷ್ಯ. ವಿವರ ಕೊಡಿ ಅಂದದ್ದಕ್ಕೆ ನಿಜವಾಗಿಯೂ ಕೊಟ್ಟರು. ಕೀಬೋರ್ಡ್ ಅಂದರೆ ಸದ್ದು ಮಾಡುವ ಕೀಬೋರ್ಡ್ ಅಲ್ಲವಂತೆ, ಬರೀ ಕೀಲಿಗಳು. ಸದ್ದು ಹುಟ್ಟುವುದು ಕಂಪ್ಯೂಟರಿನೊಳಗಿನ ಸಿಂಥ್‌ನಲ್ಲಿ. ಅಲ್ಲಿಂದ ರಿವರ್ಬ್‌ಗೆ. ಮೈಕು ಬೇರೆ ದಾರಿ, ಅದಕ್ಕೆ ಈ ರಿವರ್ಬ್ ಸಂಬಂಧವೇ ಇಲ್ಲ. ಕೊನೆಯ ಸಾಲಿನಲ್ಲಿ, ‘ಅಪ್‌ಸ್ಟ್ರೀಮ್ ಪುಟದಿಂದ ಇಳಿಸಿದ ಬೈನರಿ ಹಾಕಿದರೆ ಈ ತೊಂದರೆ ಇಲ್ಲ, ನಿಮ್ಮ ಪ್ಯಾಕೇಜ್ ಹಾಕಿದರೆ ಮಾತ್ರ’ ಅಂತಿತ್ತು.

ಅದನ್ನು ಓದಿದಾಗ ಹೊಟ್ಟೆ ಒಂದು ಸಲ ತೊಳಸಿತು. ಪ್ಯಾಕೇಜ್ ಮಾಡುವವರಿಗೆ ಇದಕ್ಕಿಂತ ಕೆಟ್ಟ ವಾಕ್ಯ ಇಲ್ಲ.

ಗಿಟಾರ್ ಬಿಟ್ಟು ಸಿಂಥ್ ಹಾಕಿದೆ. ಒಂದು ಸ್ವರ ಒತ್ತಿ ಬಿಟ್ಟೆ. ರಿವರ್ಬ್‌ನ ಬಾಲ ಎರಡು ಸೆಕೆಂಡಿನಲ್ಲಿ ಕಿವಿಗೆ ಕೇಳದಷ್ಟು ಸಣ್ಣದಾಯಿತು. ಪ್ರೊಸೆಸರ್ ಮೀಟರ್ 4 ಶೇಕಡಾ ತೋರಿಸುತ್ತಿತ್ತು. ಹತ್ತು ಸೆಕೆಂಡು, 4. ಇಪ್ಪತ್ತು ಸೆಕೆಂಡು, 4. ಏಳೋಣ ಅಂದುಕೊಳ್ಳುವಷ್ಟರಲ್ಲಿ ಮೀಟರ್ 11ಕ್ಕೆ ಹೋಯಿತು. ಆಮೇಲೆ 38. ಆಮೇಲೆ 90ರ ಆಚೆ. ಎಕ್ಸ್‌ರನ್ ಲೆಕ್ಕ ಓಡತೊಡಗಿತು. ಹೆಡ್‌ಫೋನಿನಲ್ಲಿ ಪೂರ್ತಿ ಮೌನ. ಒಂದು ಕೀಲಿ ಒತ್ತಿದೆ. ಮೀಟರ್ ತಕ್ಷಣ 4ಕ್ಕೆ ಇಳಿಯಿತು.

ಮೊದಲ ಸಲ ಗಿಟಾರ್ ಹಾಕಿದ್ದೇ ನನ್ನನ್ನು ದಾರಿ ತಪ್ಪಿಸಿತ್ತು. ತಂತಿಯಿಂದ ಬರುವ ಸದ್ದು ಎಂದೂ ಪೂರ್ತಿ ಸೊನ್ನೆ ಆಗುವುದಿಲ್ಲ. ಪಿಕಪ್, ಕೇಬಲ್, ಕಾರ್ಡು ಎಲ್ಲ ಸೇರಿ ಕಿವಿಗೆ ಕೇಳದ ಒಂದು ಸಣ್ಣ ಗುಸುಗುಸು ಸದಾ ಇರುತ್ತದೆ. ಸಿಂಥ್ ಹಾಗಲ್ಲ. ನಿಂತಿತು ಅಂದರೆ ಅಪ್ಪಟ ಸೊನ್ನೆ. ರಿವರ್ಬ್ ಒಳಗೆ ಏನಾಗುತ್ತದೆ ಅಂದರೆ, ಸದ್ದು ಒಂದು ವರ್ತುಲದಲ್ಲಿ ಸುತ್ತುತ್ತ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತ ಹೋಗುತ್ತದೆ. ಸೊನ್ನೆಯ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಸ್ಯಾಂಪಲ್‌ಗಳನ್ನು ಹಿಡಿದಿಡುವ 32 ಬಿಟ್ಟಿನ ಫ್ಲೋಟ್ (ದಶಮಾಂಶ) ಸಂಖ್ಯೆಗೆ ಒಂದು ಕೆಳಮಿತಿ ಇದೆ: ದಶಮಾಂಶ ಬಿಂದುವಿನ ಮುಂದೆ 37 ಸೊನ್ನೆ ಇಟ್ಟು ಆಮೇಲೆ ಒಂದು ಅಂಕಿ. ಅದಕ್ಕಿಂತ ಚಿಕ್ಕದಾದರೆ ಪ್ರೊಸೆಸರ್ ಅದನ್ನು ಡಿನಾರ್ಮಲ್ ಅನ್ನುವ ವಿಶೇಷ ರೂಪದಲ್ಲಿ ಹಿಡಿಯುತ್ತದೆ. ಆ ರೂಪದ ಗುಣಾಕಾರಕ್ಕೆ ಎಷ್ಟೋ ಪ್ರೊಸೆಸರುಗಳು ಹತ್ತಾರು ಪಟ್ಟು ಜಾಸ್ತಿ ಸಮಯ ತೆಗೆದುಕೊಳ್ಳುತ್ತವೆ. ಯಾರಿಗೂ ಕೇಳಿಸದ, ಯಾವ ಸ್ಪೀಕರಿಗೂ ನುಡಿಸಲಾಗದ ಸದ್ದನ್ನು ಅಪಾರ ಶ್ರದ್ಧೆಯಿಂದ ಲೆಕ್ಕ ಮಾಡುತ್ತ ಕೂರುತ್ತವೆ. ಅಷ್ಟರಲ್ಲಿ ಆ 1.33 ಮಿಲಿಸೆಕೆಂಡು ದಾಟಿರುತ್ತದೆ, ಪಕ್ಕದ ಮೈಕಿನ ಹಾಡು ಒಡೆದಿರುತ್ತದೆ.

ಅರ್ಧ ನಿಮಿಷದ ಲೆಕ್ಕವೂ ಕೂಡಿಬಂತು. ಬಾಲ ಎರಡು ಸೆಕೆಂಡಿನದು ಅಂದರೆ ಎರಡು ಸೆಕೆಂಡಿಗೆ 60 ಡೆಸಿಬೆಲ್ ಇಳಿಯುತ್ತದೆ. ಫ್ಲೋಟಿನ ಕೆಳಮಿತಿ ಸುಮಾರು 758 ಡೆಸಿಬೆಲ್ ಕೆಳಗಿದೆ. ಭಾಗಿಸಿದರೆ ಸರಿಸುಮಾರು 25 ಸೆಕೆಂಡು. ಕಾಗದದ ಮೇಲೆ ಈ ಸಂಖ್ಯೆ ಬಂದಾಗ ಆದ ಖುಷಿಯನ್ನು ಮುಚ್ಚಿಡಲಾರೆ. ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದೆ.

ಆದರೆ ಅಪ್‌ಸ್ಟ್ರೀಮ್ ಬೈನರಿಯಲ್ಲಿ ಇದು ಯಾಕಿಲ್ಲ? ನನ್ನ ಪ್ಯಾಚಸ್ ಫೋಲ್ಡರ್ ತೆರೆದೆ. ಎರಡು ವರ್ಷದ ಹಿಂದೆ ನಾನೇ ಹಾಕಿದ ಪ್ಯಾಚ್ ಅಲ್ಲೇ ಕೂತಿತ್ತು. ಅಪ್‌ಸ್ಟ್ರೀಮ್ ತಮ್ಮ ಮೇಕ್‌ಫೈಲಿನಲ್ಲಿ, ಅಂದರೆ ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಫೈಲಿನಲ್ಲಿ, ‘ಮಾರ್ಚ್ ನೇಟಿವ್’ ಅನ್ನುವ ಸೂಚನೆ ಕೊಟ್ಟಿದ್ದರು. ಈ ಮಷೀನಿಗೆ ಏನೇನು ಬರುತ್ತದೋ ಎಲ್ಲ ಬಳಸಿಕೋ ಅಂತ ಅದರ ಅರ್ಥ. ಸ್ವಂತ ಬಳಕೆಗೆ ಚೆಂದ. ಡೆಬಿಯನ್‌ನಲ್ಲಿ ಬಿಲ್ಡ್ ಮಾಡುವ ಮಷೀನ್ ಹೊಸದು, ಬಳಸುವವರ ಲ್ಯಾಪ್‌ಟಾಪ್ ಹಳೆಯದು ಇರಬಹುದು. ಪ್ರೋಗ್ರಾಮು ತೆರೆದ ಕೂಡಲೇ ಸಾಯುತ್ತದೆ. ಅದನ್ನು ತೆಗೆಯಲೇಬೇಕು. ಆದರೆ ನಾನು ಆ ಒಂದು ಪದ ತೆಗೆಯುವ ಬದಲು ಇಡೀ ಸಾಲನ್ನೇ ತೆಗೆದಿದ್ದೆ. ಅದೇ ಸಾಲಿನಲ್ಲಿ ‘ಫಾಸ್ಟ್ ಮ್ಯಾತ್’ ಅನ್ನುವ ಸೂಚನೆಯೂ ಇತ್ತು.

ಫಾಸ್ಟ್ ಮ್ಯಾತ್ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ ಇಲ್ಲ. ಅದು ಲೆಕ್ಕದ ನಿಯಮಗಳನ್ನು ಸಡಿಲ ಮಾಡುತ್ತದೆ, ಸಂಖ್ಯೆ ಕೆಟ್ಟಿದೆಯಾ ಅಂತ ನೋಡುವ ಸಾಲುಗಳನ್ನು ಕಂಪೈಲರ್ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಆದರೆ ಜಿಸಿಸಿ ಅನ್ನುವ ಕಂಪೈಲರಿನ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಇನ್ನೊಂದು ಗುಟ್ಟಿನ ಪರಿಣಾಮ ಇತ್ತು. ಲೈಬ್ರರಿ ಲೋಡ್ ಆಗುವಾಗಲೇ ಒಂದು ಚಿಕ್ಕ ಕೋಡ್ ಓಡಿ, ‘ಡಿನಾರ್ಮಲ್ ಬಂದರೆ ಸೊನ್ನೆ ಅಂದುಕೋ’ ಅಂತ ಪ್ರೊಸೆಸರಿಗೆ ಹೇಳಿಬಿಡುತ್ತಿತ್ತು. ಈ ಪ್ಲಗಿನ್ ಲೋಡ್ ಮಾಡಿದ ಪ್ರೋಗ್ರಾಮಿಗೆ, ಅದರೊಳಗಿನ ಬೇರೆ ಪ್ಲಗಿನ್‌ಗಳಿಗೂ ಸೇರಿಸಿ. ಬಾಡಿಗೆಗೆ ಬಂದವನು ಇಡೀ ಮನೆಯ ಫ್ಯೂಸ್ ಬದಲಿಸಿದ ಹಾಗೆ. ಅಪ್‌ಸ್ಟ್ರೀಮ್ ತಮಗೇ ಗೊತ್ತಿಲ್ಲದೆ ಇಷ್ಟು ವರ್ಷ ಆ ಫ್ಯೂಸಿನ ದಯದಿಂದ ಬದುಕಿದ್ದರು. ನಾನು ಸಾಲು ಕಿತ್ತೆ, ದಯೆ ಹೋಯಿತು.

ಒಂದು ಸಮಾಧಾನ ಸಿಕ್ಕಿತು. 2023ರಲ್ಲಿ ಬಂದ ಜಿಸಿಸಿ 13ರಿಂದ ಈ ಫ್ಯೂಸ್ ಬದಲಿಸುವ ಚಾಳಿಯನ್ನು ಲೈಬ್ರರಿಗಳ ಮಟ್ಟಿಗೆ ನಿಲ್ಲಿಸಿದ್ದಾರೆ. ಅಪ್‌ಸ್ಟ್ರೀಮ್ ಹತ್ತಿರ ಇದ್ದಿದ್ದು ಅದಕ್ಕಿಂತ ಹಳೆಯ ಕಂಪೈಲರ್. ಹೊಸದಕ್ಕೆ ಬದಲಾದ ದಿನ ಇದೇ ಬಗ್ ಅವರ ಬಾಗಿಲಿಗೂ ಬರುತ್ತಿತ್ತು. ಹಾಗಾಗಿ ತಪ್ಪಿನಲ್ಲಿ ಅರ್ಧ ನನ್ನದು ಅಂತ ಲೆಕ್ಕ ಹಾಕಿಕೊಂಡಿದ್ದೇನೆ. ದೂರು ಕೊಟ್ಟವರ ಲೆಕ್ಕದಲ್ಲಿ ಪೂರ್ತಿ ನನ್ನದೇ.

ಪ್ಯಾಚ್ ಬರೆಯಲು ಹತ್ತು ನಿಮಿಷ ಸಾಕಾಯಿತು. ಪ್ರತಿ ಕಂತಿನ ಲೆಕ್ಕ ಶುರುವಾಗುವ ಮೊದಲು ಡಿನಾರ್ಮಲ್ ಬಂದರೆ ಏನು ಮಾಡಬೇಕು ಅಂತ ಬರೆದಿಡುವ ಪ್ರೊಸೆಸರಿನ ರಿಜಿಸ್ಟರನ್ನು ನೆನಪಿಟ್ಟುಕೊಂಡು, ಡಿನಾರ್ಮಲ್‌ಗೆ ಸೊನ್ನೆ ಅಂತ ಬಿಟ್ ಏರಿಸಿ, ಲೆಕ್ಕ ಮುಗಿದ ಮೇಲೆ ಮೊದಲಿದ್ದ ಹಾಗೇ ಇಟ್ಟು ಬರುವುದು. ಇಂಟೆಲ್‌ಗೆ ಒಂದು ಬಗೆ, ಆರ್ಮ್‌ಗೆ ಒಂದು ಬಗೆ. ಅಪ್‌ಸ್ಟ್ರೀಮ್‌ಗೆ ಕಳಿಸಿದೆ. ಜೊತೆಗೆ ಉದ್ದದ ಪತ್ರ, ಅದರಲ್ಲಿ ನನ್ನ ಸಾಲು ಕಿತ್ತ ಕಥೆ ಪೂರ್ತಿ. ಅವರಿಂದ ಬಂದ ಉತ್ತರ ಒಂದೇ ಸಾಲು: ‘ಆ ಸೂಚನೆ ಅಲ್ಲಿ ಯಾಕಿದೆ ಅಂತ ನನಗೂ ಮರೆತುಹೋಗಿತ್ತು.’

ಮುಂದಿನ ಆವೃತ್ತಿಯಲ್ಲಿ ಅವರೇ ಅದನ್ನು ಸೇರಿಸಿಕೊಂಡರು. ನಾನು ಪ್ಯಾಚಸ್ ಫೋಲ್ಡರಿನಿಂದ ನನ್ನ ಫೈಲ್ ಅಳಿಸಿದೆ. ಹೊಸ ಪ್ಯಾಕೇಜನ್ನು ಹಾಕಿಕೊಂಡು, ಸಿಂಥ್ ತೆರೆದು, ಒಂದು ಸ್ವರ ಒತ್ತಿ ಬಿಟ್ಟೆ. ಹತ್ತು ಸೆಕೆಂಡು, 4. ಇಪ್ಪತ್ತೈದು, 4. ನಲವತ್ತು, 4. ಯಾಕೋ ಇನ್ನೂ ಎರಡು ನಿಮಿಷ ಹೆಡ್‌ಫೋನ್ ತೆಗೆಯದೆ ಕೂತಿದ್ದೆ. ಚೇಂಜ್‌ಲಾಗಿನಲ್ಲಿ ಬಗ್ ಸಂಖ್ಯೆ ಬರೆದು, ಎರಡು ಸ್ಪೇಸ್ ಇದೆಯಾ ಅಂತ ನೋಡಿ, ಅಪ್‌ಲೋಡ್ ಮಾಡಿದೆ.

ನಾಲ್ಕು ದಿನ ಬಿಟ್ಟು ಆ ತಾಳ್ಮೆಯ ಮನುಷ್ಯ ಬರೆದರು. ‘ಈಗ ಸರಿಯಾಗಿದೆ, ಥ್ಯಾಂಕ್ಸ್. ಅಂದಹಾಗೆ, ಬಾಲದ ಉದ್ದದ ನಾಬ್ ತಿರುಗಿಸುವಾಗ ಟಿಕ್ ಟಿಕ್ ಅನ್ನುತ್ತದೆ. ಇದು ಮೊದಲೂ ಇತ್ತಾ?’